ಹದಿನಾಲ್ಕನೆಯ ಪುಟದ ಅಂತೆ

ಕೆಳಗೆ ಅಡುಗೆಮನೆಯಲ್ಲಿ ತಂಗಿ, ‘ಬಸ್ಸು ಮೂರು ಗಂಟೆಗಂತೆ’ ಎಂದದ್ದು ಮಹಡಿಯ ಕೋಣೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ ಅವನಿಗೆ ಕೇಳಿಸಿತು. ಬ್ಲೇಡು ಹಿಡಿದ ಕೈ ಹಾಗೇ ನಿಂತಿತು. ಅವಳು ಹೇಳುತ್ತಿದ್ದುದು ಮಗಳಿಗೆ. ಯುದ್ಧಕ್ಕೆ ಹೊರಡಬೇಕಾದವಳು ಆ ಮಗಳೇ, ಬಸ್ಸಿನ ಹೊತ್ತು ಬರೆದ ಕಾಗದ ಬಂದದ್ದು ಅವಳ ಹೆಸರಿಗೇ, ಅದನ್ನು ತಾಯಿಗೆ ಓದಿ ಹೇಳಿದವಳೂ ಅವಳೇ. ಆದರೂ ತಂಗಿ ಅದನ್ನು ಎಲ್ಲೋ ಬೀದಿಯಲ್ಲಿ ಕೇಳಿ ಬಂದವಳ ಹಾಗೆ ತಿರುಗಿ ಅವಳಿಗೇ ಹೇಳುತ್ತಿದ್ದಳು. ಇವಳ ಬಾಯಿಂದ ಅಂತೆ ಇಲ್ಲದೆ ಒಂದು ಮಾತು ಹೊರಬಿದ್ದದ್ದಿಲ್ಲ. ತಾನೇ ಉಪ್ಪು ಹಾಕಿ, ತಾನೇ ರುಚಿ ನೋಡಿ, ಉಪ್ಪು ಕಡಿಮೆಯಂತೆ ಎನ್ನುವ ಪೈಕಿ. ಚಿಕ್ಕಂದಿನಲ್ಲಿ ಅವಳಿಗೆ ಅಂತೆಕಂತೆ ಎಂದು ಅಡ್ಡಹೆಸರಿಟ್ಟವನು ಅವನೇ. ಹಾಗೆ ಕರೆದರೆ ಅತ್ತುಕೊಂಡು ಅಮ್ಮನ ಹತ್ತಿರ ಓಡಿ, ‘ಅಣ್ಣ ನನ್ನನ್ನ ಬೈದನಂತೆ’ ಎಂದು ದೂರು ಕೊಡುತ್ತಿದ್ದಳು, ಅಮ್ಮ ನಗು ತಡೆಯಲಾಗದೆ ಅವಳ ಮುಖವನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದರು. ಐವತ್ತು ದಾಟಿದರೂ ಅವಳ ಚಾಳಿ ಹೋಗಿಲ್ಲ, ಅದನ್ನು ಕೇಳಿದಾಗ ಅವನ ಮೈ ಉರಿಯುವುದೂ ಹೋಗಿಲ್ಲ. ಇವತ್ತು ಮಾತ್ರ ಉರಿಯಲಿಲ್ಲ. ಬ್ಲೇಡು ಕೆಳಗಿಟ್ಟು ಅವನು ಮಂಚದ ಮೇಲೆ ಕೂತ. ಅರ್ಧ ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಾ ಬಂತು.

ಸರಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವನಾಗಿ ಅವನಿಗೆ ಇಪ್ಪತ್ತಾರು ವರ್ಷ. ಪತ್ನಿ ತೀರಿಕೊಂಡ ಮೇಲೆ ವಿಧವೆಯಾದ ತಂಗಿಯ ಮನೆಯ ಮಹಡಿಯ ಮೇಲಿನ ಕೋಣೆಗೆ ಬಂದು ಸೇರಿದವನು, ಮನೆಯಲ್ಲಿ ಯಾವ ವಿಷಯಕ್ಕೂ ಬಾಯಿ ಹಾಕದವನು, ಆಫೀಸಿನಲ್ಲಿ ಮಾತ್ರ ಹುಲಿ. ಇಲಾಖೆಯವರು ಬರೆದು ಕಳಿಸುವ ಭಾಷೆ ನೋಡಿದರೆ ಅವನಿಗೆ ಜ್ವರ ಬರುತ್ತಿತ್ತು. ಹದಿನೆಂಟು ವರ್ಷದ ಹಿಂದೆ ರಜೆಯ ದಿನಗಳಲ್ಲಿ ಕೂತು, ಯಾರೂ ಕೇಳದಿದ್ದರೂ, ನಲವತ್ತು ನಿಯಮಗಳ ಒಂದು ಕೈಪಿಡಿ ಬರೆದಿದ್ದ. ಅದಕ್ಕೆ ಮೇಲಿನವರ ಒಪ್ಪಿಗೆ ಸಿಕ್ಕಿ, ಅಚ್ಚಾಗಿ, ಎಲ್ಲ ಮೇಜಿನ ಗಾಜಿನ ಕೆಳಗೂ ಒಂದೊಂದು ಪ್ರತಿ ಸೇರಿತು. ಕೊನೆಯಲ್ಲಿ ಅವನ ಸಹಿ ಇತ್ತು. ಜೀವನದಲ್ಲಿ ಅವನು ಬರೆದು ಅಚ್ಚಾದದ್ದು ಅದೊಂದೇ. ಅದರಲ್ಲಿ ಒಂಬತ್ತನೆಯ ನಿಯಮ ಹೀಗಿತ್ತು: ಅಂತೆ, ತಾನೆ, ಏನೋ ಮುಂತಾದ ಆಡುಮಾತಿನ ಬಾಲಗಳು ಸರಕಾರಿ ಬರಹದಲ್ಲಿ ಸಲ್ಲವು. ಅದನ್ನು ಬರೆಯುವಾಗ ತಂಗಿಯ ಮುಖ ಕಣ್ಣ ಮುಂದಿತ್ತು ಎಂಬುದು ಅವನಿಗೆ ಆಗ ಹೊಳೆದಿರಲಿಲ್ಲ. ಈಗ ಕೆಲವು ವಾರಗಳಿಂದ ಅದು ಬಿಟ್ಟರೆ ಬೇರೆ ಏನೂ ಹೊಳೆಯುತ್ತಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಮೂವತ್ತೆರಡು ಪುಟದ ಸರಕಾರಿ ಪುಸ್ತಿಕೆಯೊಂದು ಬಂದಾಗ ಅದೂ ಒಂದು ಕೆಲಸ ಅಷ್ಟೆ. ನೆರೆದೇಶ ಅಡಗಿಸಿಟ್ಟಿರುವ ಅಸ್ತ್ರಗಳು, ಸಾಕ್ಷ್ಯಾಧಾರಗಳು, ತುರ್ತು. ರೀಡರಮ್ಮ ಎದುರಿಗೆ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಚ್ಚಿನ ಕರಡಿನ ಮೇಲೆ ಅವನ ಕಣ್ಣು. ಅದು ಅವರಿಬ್ಬರ ಹನ್ನೊಂದು ವರ್ಷದ ಪದ್ಧತಿ. ಅವಳದು ಏರಿಳಿತವಿಲ್ಲದ ದನಿ, ವಿರಾಮಚಿಹ್ನೆಗಳನ್ನೂ ಬಿಡದೆ ಓದಬೇಕಾದ ಕೆಲಸ. ಹದಿನಾಲ್ಕನೆಯ ಪುಟದಲ್ಲಿ ಗಡಿ ದಾಟಿ ಓಡಿ ಬಂದ ಒಬ್ಬ ಲಾರಿ ಚಾಲಕನ ಹೇಳಿಕೆಯಿತ್ತು. ‘ಹಳೆಯ ಸಕ್ಕರೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ ವಿಷದ ಪೀಪಾಯಿಗಳು ಇವೆಯಂತೆ ಪೂರ್ಣವಿರಾಮ ಇನ್ನೂರಕ್ಕೂ ಹೆಚ್ಚಂತೆ ಪೂರ್ಣವಿರಾಮ’ ಎಂದು ಓದಿ ಅವಳು ನಿಂತಳು. ‘ಸಾರ್, ಇಲ್ಲಿ ಎರಡು ಅಂತೆ ಇದೆ.’ ಅವನು ತಲೆ ಎತ್ತದೆ, ‘ನಿಯಮ ಒಂಬತ್ತು’ ಎಂದ. ‘ತೆಗೆಯೋದಾ ಸಾರ್?’ ‘ಅದರಲ್ಲಿ ಕೇಳೋದೇನಮ್ಮ?’ ಎರಡು ಗೆರೆ ಎಳೆದ. ಇವೆ. ಇನ್ನೂರಕ್ಕೂ ಹೆಚ್ಚು. ವಾಕ್ಯ ನೆಟ್ಟಗಾಯಿತು, ಬೆನ್ನುಮೂಳೆ ಬಂತು ಅದಕ್ಕೆ. ಅವನಿಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು, ಅದನ್ನು ಈಗ ಯಾರ ಹತ್ತಿರ ಅಲ್ಲಗಳೆಯುವುದು? ಖಾತ್ರಿಗೆಂದು ಮೂಲಪ್ರತಿಯನ್ನೊಮ್ಮೆ ತನ್ನ ಕಡೆ ತಿರುಗಿಸಿ ನೋಡಿದ. ಆ ಎರಡು ವಾಕ್ಯದ ಹಿಂದೆ ಮುಂದೆ ಮೇಲಧಿಕಾರಿ ಯಾರೋ ನೀಲಿ ಪೆನ್ಸಿಲಿನಲ್ಲಿ ಹೊಡೆದು ಹಾಕಿದ ಸಾಲುಗಳಿದ್ದವು. ಹೊಡೆದಿದ್ದರೂ ಓದಲು ಬರುತ್ತಿತ್ತು. ಹಿಂದಿನದು: ನನ್ನ ಷಡ್ಡಕ ಅಲ್ಲಿ ಕಾವಲಿಗಿದ್ದ, ಅವನು ಹೇಳಿದ್ದು. ಮುಂದಿನದು: ನಾನು ಗೇಟಿನ ಒಳಗೆ ಹೋದವನಲ್ಲ. ಹೊಡೆದು ಹಾಕಿದ ಸಾಲನ್ನು ಓದುವುದು ಕರಡು ತಿದ್ದುವವನ ಕೆಲಸವಲ್ಲ. ‘ಮುಂದೆ ಓದಮ್ಮ’ ಎಂದ. ರೀಡರಮ್ಮ ಒಂದು ಕ್ಷಣ ಅವನ ಮುಖ ನೋಡಿ, ಆಮೇಲೆ ಓದಿದಳು.

‘ಅಣ್ಣಾ, ತಿಂಡಿ ಆರಿ ಹೋಗುತ್ತಂತೆ’ ಎಂದು ಕೆಳಗಿನಿಂದ ಕೂಗು ಬಂತು. ಉಳಿದರ್ಧ ಕೆನ್ನೆಯನ್ನು ಆತುರದಲ್ಲಿ ಕೆರೆದು, ಗಲ್ಲದ ಹತ್ತಿರ ಗಾಯ ಮಾಡಿಕೊಂಡು ಇಳಿದು, ತಿಂಡಿಗೆ ಕೂತ. ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮಗಳನ್ನು ಓದಿಸಿದ ಯಂತ್ರ ಅದು; ಈಗ ಅದರ ಸೂಜಿಯ ಕೆಳಗೆ ಮಗಳ ಖಾಕಿ ಚೀಲದ ಹಿಡಿ ಸಿಕ್ಕಿಕೊಂಡಿತ್ತು. ದಪ್ಪ ಬಟ್ಟೆ, ಸೂಜಿ ಹಿಡಿಯುತ್ತಿರಲಿಲ್ಲ. ‘ಸರಕಾರ ಕೊಟ್ಟ ಚೀಲ ಇದು, ಹೊಲಿಗೆ ನೋಡು, ಎಳೆದ್ರೆ ಬರುತ್ತಂತೆ’ ಎಂದು ಗೊಣಗುತ್ತಾ ಅದೇ ಜಾಗದಲ್ಲಿ ಮೂರನೆಯ ಸಲ ಹೊಲಿಯುತ್ತಿದ್ದಳು. ಮಗಳು ಗೋಡೆಗೆ ಒರಗಿ ನಿಂತು ತಾಯಿಯನ್ನು ನೋಡುತ್ತಾ, ‘ಅಮ್ಮ, ಚೀಲ ಹರಿದರೆ ಯುದ್ಧ ಸೋಲಲ್ಲ’ ಎಂದಳು. ಇಪ್ಪತ್ತೈದು ವರ್ಷದ ಹುಡುಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೋರ್ಸು ಮುಗಿಸುವಾಗ ಎಲ್ಲರ ಜೊತೆ ತಾನೂ ಮೀಸಲು ಪಡೆಯ ಅರ್ಜಿಗೆ ಸಹಿ ಹಾಕಿದ್ದಳು, ಆಮೇಲೆ ಮರೆತಿದ್ದಳು. ಸರಕಾರ ಮರೆತಿರಲಿಲ್ಲ. ವಿಷ ಪರೀಕ್ಷಿಸುವ ತುಕಡಿಗೆ ಹಾಜರಾಗಬೇಕೆಂದು ಬಂದ ಕಾಗದವನ್ನು ಅವಳು ಇದೇ ಕೋಣೆಯಲ್ಲಿ ಗಟ್ಟಿಯಾಗಿ ಓದಿದಾಗ ಅವನು ಇದೇ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹಳೆಯ ಸಕ್ಕರೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ ವಿಷದ ಪೀಪಾಯಿಗಳು ಇವೆ. ಇನ್ನೂರಕ್ಕೂ ಹೆಚ್ಚು. ಆದ್ದರಿಂದ ತಾವು. ಅವನು ಲೋಟ ಕೆಳಗಿಟ್ಟ. ಮೊದಲು ಮನಸ್ಸಿಗೆ ಬಂದದ್ದು, ನಾಚಿಕೆಗೇಡು, ವ್ಯಾಕರಣ: ಇವೆಯಂತೆ ಎಂದಿದ್ದರೆ ಅದರ ಮುಂದೆ ಆದ್ದರಿಂದ ಕೂರುತ್ತಿರಲಿಲ್ಲ. ಇವೆಯಂತೆ, ಆದ್ದರಿಂದ ತಾವು ಬನ್ನಿ. ಯಾವ ಗುಮಾಸ್ತನೂ ಹಾಗೆ ಬರೆಯಲಾರ, ಬರೆದರೂ ಕೈ ತಡೆಯುತ್ತದೆ, ಒಂದು ಸಲ ಮೇಲೆ ಕೇಳೋಣ ಎನ್ನಿಸುತ್ತದೆ. ಹೋಗದಿದ್ದರೆ ಆರು ತಿಂಗಳ ಸೆರೆಮನೆ ಎಂದು ಕಾಗದದ ಕೊನೆಯಲ್ಲಿ ಇತ್ತು.

‘ಮಾವ, ಗಲ್ಲದಲ್ಲಿ ರಕ್ತ’ ಎಂದು ಹುಡುಗಿ ಹತ್ತಿ ತಂದು ಒತ್ತಿ ಹಿಡಿದಳು. ದಿನಕ್ಕೆ ನೂರು ಜನರ ರಕ್ತ ತೆಗೆಯುವ ಕೈ, ಹಗುರವಾಗಿತ್ತು. ‘ನಿಮ್ಮ ಪುಸ್ತಕ ಓದಿದೆ ಮಾವ’ ಎಂದಳು ಮೆಲ್ಲಗೆ, ತಾಯಿಯ ಕಡೆ ಒಮ್ಮೆ ನೋಡಿ. ‘ನನ್ನದೇನು ಪುಸ್ತಕ, ನಾನು ತಿದ್ದಿದ್ದು’ ಎಂದು ತಡವರಿಸಿದ. ‘ಅದೇ, ನೀವು ತಿದ್ದಿದ್ದು.’ ಅವಳು ಇನ್ನೇನೋ ಹೇಳುವವಳಿದ್ದಳು. ಅವನಿಗೆ ಕೂರಲಾಗಲಿಲ್ಲ. ತಟ್ಟೆಯನ್ನು ಅರ್ಧಕ್ಕೇ ಸರಿಸಿ, ಆಫೀಸಿಗೆ ಹೋಗಿ ಬರುತ್ತೇನೆ, ಎರಡು ಗಂಟೆಗೆ ನೇರ ಮೈದಾನಕ್ಕೆ ಬರುತ್ತೇನೆ ಎಂದ. ತಂಗಿ ಯಂತ್ರ ನಿಲ್ಲಿಸಿ, ‘ಇವತ್ತೂ ಆಫೀಸಾ?’ ಎಂದು ಕೇಳಿದಳು. ಬೈಗುಳ ಇರಲಿಲ್ಲ ಅದರಲ್ಲಿ, ಆಶ್ಚರ್ಯ ಅಷ್ಟೆ. ಅದಕ್ಕೇ ಹೆಚ್ಚು ನಾಟಿತು. ಇವತ್ತು ಪುಸ್ತಿಕೆಯ ಎರಡನೆಯ ಮುದ್ರಣದ ಕರಡು ತನ್ನ ಮೇಜಿಗೆ ಬರುತ್ತದೆ, ಇವತ್ತಲ್ಲದೆ ಇನ್ನು ಯಾವತ್ತೂ ಆ ಪುಟ ತನ್ನ ಕೈಗೆ ಸಿಗುವುದಿಲ್ಲ ಎಂದು ಇವಳಿಗೆ ಹೇಗೆ ಹೇಳುವುದು? ಹೇಳಿದರೆ, ಯಾಕೆ, ಏನಾಗಿತ್ತು ಆ ಪುಟಕ್ಕೆ ಎಂದು ಕೇಳುವುದಿಲ್ಲವೇ?

ರಸ್ತೆಯಲ್ಲಿ ಬಿಸಿಲು ಆಗಲೇ ಏರಿತ್ತು. ಬಸ್‌ಸ್ಟಾಪಿನ ಗೋಡೆಯ ಮೇಲೆ ಆಳೆತ್ತರದ ಹಾಳೆ ಅಂಟಿಸಿದ್ದರು. ಕಪ್ಪು ಬಣ್ಣದ ಪೀಪಾಯಿಗಳ ಸಾಲು, ಅದರ ಮೇಲೆ ಒಂದೇ ಶಬ್ದ, ಇವೆ. ಎರಡಕ್ಷರ. ಊರೆಲ್ಲ ಅದೇ. ದೇಶದ ಮುಖ್ಯಸ್ಥರು ರೇಡಿಯೋದಲ್ಲಿ ಆ ಪುಟ ಓದಿದ ಮಧ್ಯಾಹ್ನ ಮುದ್ರಣಾಲಯದಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅವರು ಒಂದು ಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು, ‘ಇವೆ’ ಎಂದರು. ಯಂತ್ರ ವಿಭಾಗದ ಒಬ್ಬ, ‘ಸಾರ್, ನಿಮ್ಮ ಪುಟ!’ ಎಂದು ಅವನ ಬೆನ್ನು ತಟ್ಟಿದ. ಅರ್ಧ ನಿಮಿಷ ಅವನೂ ಉಬ್ಬಿದ. ಆಮೇಲೆ ಎಲ್ಲಿಂದಲೋ ಆ ಷಡ್ಡಕ ನೆನಪಿಗೆ ಬಂದ. ಯಾರವನು, ಹೇಗಿದ್ದಾನೆ? ಹೆಂಡತಿಯ ಅಕ್ಕನ ಗಂಡನೋ ತಂಗಿಯ ಗಂಡನೋ, ನೆಂಟರ ಮನೆಯಲ್ಲಿ ಉಂಡು ಕೈ ತೊಳೆದು, ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತು, ಲಾರಿ ಓಡಿಸುವ ಷಡ್ಡಕನ ಮುಂದೆ ಜಂಭ ಕೊಚ್ಚಿಕೊಂಡಿರಬೇಕು: ನೀನು ಗೇಟಿನ ಹೊರಗೆ, ನಾನು ಒಳಗೆ, ಒಳಗೇನಿದೆ ಗೊತ್ತಾ? ಷಡ್ಡಕರು ಒಬ್ಬರಿಗೊಬ್ಬರು ಸತ್ಯ ಹೇಳಿದ್ದನ್ನು ಯಾರು ಕಂಡಿದ್ದಾರೆ? ಪಾಪದ ಚಾಲಕ ಪ್ರಾಮಾಣಿಕ, ತಾನು ನೋಡದ್ದಕ್ಕೆ ಒಂದು ಅಂತೆ ಹಚ್ಚಿ ಹೇಳಿದ್ದ. ಎರಡು ವಾಕ್ಯಕ್ಕೆ ಎರಡು. ಮೇಲಿನವರು ನೀಲಿ ಪೆನ್ಸಿಲಿನಲ್ಲಿ ಷಡ್ಡಕನನ್ನು ಹೊಡೆದು ಹಾಕಿದರು, ಗೇಟನ್ನು ಹೊಡೆದು ಹಾಕಿದರು. ಆದರೆ ಅಂತೆಗಳನ್ನು ಮುಟ್ಟಲಿಲ್ಲ. ಮರೆತರೋ, ಧೈರ್ಯ ಸಾಲಲಿಲ್ಲವೋ. ಅವನ್ನು ಮುಟ್ಟಿದವನು ತಾನು. ಯಾರೂ ಹೇಳಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಉಳಿದ ಮೂವತ್ತೊಂದು ಪುಟದಲ್ಲಿ ಸಾಧ್ಯತೆ, ಶಂಕೆ, ಸೂಚನೆ ಇಂಥವೇ ತುಂಬಿದ್ದವು, ಅವನು ಮತ್ತೆ ಮತ್ತೆ ಹುಡುಕಿ ನೋಡಿದ್ದ. ಇಡೀ ಪುಸ್ತಿಕೆಯಲ್ಲಿ ಇವೆ ಎಂದು ಇದ್ದದ್ದು ಒಂದೇ ಕಡೆ.

ಮೇಜಿನ ಮೇಲೆ ಕರಡು ಬಂದು ಬಿದ್ದಿತ್ತು. ರೀಡರಮ್ಮ ಇನ್ನೂ ಬಂದಿರಲಿಲ್ಲ. ಹದಿನಾಲ್ಕನೆಯ ಪುಟ ತೆಗೆದ. ಇವೆ ಎಂಬುದರ ಮುಂದೆ ಸೇರಿಸುವ ಗುರುತು ಹಾಕಿ, ಅಂಚಿನಲ್ಲಿ ‘ಯಂತೆ’ ಎಂದು ಬರೆದ. ಹೆಚ್ಚು ಎಂಬುದನ್ನು ಹೆಚ್ಚಂತೆ ಮಾಡಿದ. ಅಷ್ಟು ಮಾಡಿದ್ದಕ್ಕೇ ಎದೆ ಹಗುರಾಗಿ, ಈಗ ಎಲ್ಲ ಸರಿಯಾಗುತ್ತದೆ, ಯಾರೋ ಓದುತ್ತಾರೆ, ಇದೇನಿದು ಎಂದು ಕೇಳುತ್ತಾರೆ, ಮೂರು ಗಂಟೆಯ ಬಸ್ಸಿಗೆ ಫೋನು ಹೋಗುತ್ತದೆ ಎಂದೆಲ್ಲ ಅನ್ನಿಸಿತು. ತಲೆ ನೆಟ್ಟಗಿರುವವನು ಯೋಚಿಸುವ ಯೋಚನೆಯಲ್ಲ ಎಂದು ಗೊತ್ತಿತ್ತು, ಆದರೂ ಅನ್ನಿಸಿತು. ಕರಡು ಕಳಿಸಿದ ಇಪ್ಪತ್ತು ನಿಮಿಷಕ್ಕೆ ಸೂಪರಿಂಟೆಂಡೆಂಟ್ ತಾನೇ ಎದ್ದು ಬಂದ. ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಅವನ ಕೈಕೆಳಗೇ ಕೆಲಸ ಕಲಿತವನು, ಈಗಲೂ ಸಾರ್ ಎಂದೇ ಕರೆಯುವವನು. ‘ಸಾರ್, ಏನಿದು?’

‘ಮೂಲದಲ್ಲಿ ಹಾಗೇ ಇತ್ತು.’

‘ಮೂಲ ತೋರಿಸಿ, ನಾನೇ ನಿಂತು ಹಾಕಿಸ್ತೀನಿ.’

‘ಮೇಲಿನೋರು ಅವತ್ತೇ ತಗೊಂಡು ಹೋದರಲ್ಲ.’

‘ಹಾಗಿದ್ರೆ ಹದಿನೇಳನೇ ನಿಯಮ ಏನು ಹೇಳುತ್ತೆ ಸಾರ್?’ ಎಂದು ಸೂಪರಿಂಟೆಂಡೆಂಟ್ ಮೇಜಿನ ಗಾಜಿನ ಮೇಲೆ ಬೆರಳಿಟ್ಟ. ಮೂಲಪ್ರತಿ ಎದುರಿಗಿಲ್ಲದೆ ಯಾವ ತಿದ್ದುಪಡಿಯನ್ನೂ ಮಾಡತಕ್ಕದ್ದಲ್ಲ. ಕೆಳಗೆ ಅವನದೇ ಸಹಿ, ಹದಿನೆಂಟು ವರ್ಷ ಚಿಕ್ಕವನಾಗಿದ್ದಾಗಿನ ದುಂಡು ಸಹಿ. ಅಷ್ಟು ಹೊತ್ತಿಗೆ ರೀಡರಮ್ಮ ಬಂದು ಚೀಲ ಇಡುತ್ತಿದ್ದಳು. ಅವನ ಜೀವ ಅವಳ ಕಡೆ ಹಾರಿತು. ‘ಇವರನ್ನ ಕೇಳಿ, ಇವರೇ ಓದಿದ್ದು. ಏನಮ್ಮ, ಲಾರಿ ಡ್ರೈವರದ್ದು, ಎರಡು ಅಂತೆ ಇರಲಿಲ್ವಾ? ನೀವೇ ನಿಲ್ಲಿಸಿ ಕೇಳಿದ್ರಲ್ಲ, ತೆಗೆಯೋದಾ ಅಂತ?’ ರೀಡರಮ್ಮ ಇಬ್ಬರನ್ನೂ ನೋಡಿದಳು. ಚೀಲದ ದಾರವನ್ನು ಬೆರಳಿಗೆ ಸುತ್ತಿದಳು. ‘ದಿನಕ್ಕೆ ಎಷ್ಟೋ ಪುಟ ಓದ್ತೀನಿ ಸಾರ್. ಬಾಯಿ ಓದುತ್ತೆ, ತಲೆ ಓದಲ್ಲ’ ಎಂದಳು. ಅವಳಿಗೆ ನೆನಪಿತ್ತು. ಅವನಿಗೆ ಅದರಲ್ಲಿ ಅನುಮಾನವಿರಲಿಲ್ಲ. ಅವಳ ಕಿವಿ ಕೆಂಪಾದದ್ದನ್ನು ಅವನು ನೋಡಿದ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದ, ಬರಲಿಲ್ಲ. ಕೇಳಿದವಳು ಅವಳು, ತೆಗೆ ಎಂದವನು ತಾನು.

ಬಾಗಿಲ ಹತ್ತಿರ ಯಂತ್ರ ವಿಭಾಗದ ಇಬ್ಬರು ಮೂವರು ಬಂದು ನಿಂತಿದ್ದರು. ಅವರಲ್ಲೊಬ್ಬ, ‘ನಾಳೆಯಿಂದ ಗೆಜೆಟ್ಟಲ್ಲಿ, ಸದರಿ ನೌಕರನನ್ನು ವರ್ಗಾವಣೆ ಮಾಡಲಾಗಿದೆಯಂತೆ’ ಎಂದ. ಇನ್ನೊಬ್ಬ, ‘ಸರಕಾರ ಆದೇಶ ಹೊರಡಿಸಿದೆಯಂತೆ ಕಣಯ್ಯಾ’ ಎಂದ. ನಗು ಹಬ್ಬಿತು. ಕೆಟ್ಟ ಜನರಲ್ಲ, ಅವನ ಬೈಗುಳ ತಿಂದು ತಿಂದು ಇವತ್ತು ಒಂದು ಅವಕಾಶ ಸಿಕ್ಕಿದವರು. ಅವನೂ ನಕ್ಕ. ತಾನು ನಗುತ್ತಿರುವುದು ತನಗೇ ಕೇಳಿಸಿ, ಬಾಯಿ ಮುಚ್ಚಬೇಕೆಂದುಕೊಂಡರೂ ತುಟಿ ಹಾಗೇ ನಿಂತಿತು. ಎಲ್ಲರೂ ಹೋದ ಮೇಲೆ ಸೂಪರಿಂಟೆಂಡೆಂಟ್ ಕುರ್ಚಿ ಎಳೆದುಕೊಂಡು ಕೂತು, ದನಿ ತಗ್ಗಿಸಿ, ‘ನಿಮ್ಮ ತಂಗಿ ಮಗಳು ಇವತ್ತು ಹೊರಡ್ತಾಳೆ ಅಂತ ಗೊತ್ತು ಸಾರ್. ನನ್ನ ತಮ್ಮನೂ ಮೊನ್ನೆ ಹೋದ. ಈಗ ಒಂದು ಅಂತೆ ಹಾಕಿದ್ರೆ ಯುದ್ಧ ನಿಲ್ಲುತ್ತಾ? ನಿಮ್ಮ ಕೆಲಸ ಹೋಗುತ್ತೆ, ನಂದೂ ಹೋಗುತ್ತೆ, ಬೇರೆ ಯಾರೋ ಬಂದು ಅದನ್ನ ಮತ್ತೆ ತೆಗೀತಾರೆ. ಮನೆಗೆ ಹೋಗಿ, ಮಗು ಜೊತೆ ಇರಿ’ ಎಂದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಕರಡನ್ನು ಹತ್ತಿರ ಎಳೆದುಕೊಂಡ. ಹಾಕಿದ ತಿದ್ದುಪಡಿಯನ್ನು ಬೇಡವೆನ್ನಬೇಕಾದರೆ ಅದರ ಕೆಳಗೆ ಚುಕ್ಕಿಗಳ ಸಾಲಿಟ್ಟು, ಅಂಚಿನಲ್ಲಿ ‘ಇದ್ದಂತೆ ಇರಲಿ’ ಎಂದು ಬರೆಯುವುದು ಪದ್ಧತಿ. ಎರಡು ಕಡೆಯೂ ಬರೆದ. ಅದರೊಳಗೂ ಒಂದು ಅಂತೆ ಇರುವುದು ಇಷ್ಟು ವರ್ಷಕ್ಕೆ ಮೊದಲ ಸಲ ಕಣ್ಣಿಗೆ ಬಿತ್ತು. ಆದರೆ ಅದು ಬೇರೆಯ ಅಂತೆ, ಯಾವ ಅನುಮಾನವೂ ಇಲ್ಲದ್ದು, ಎಂಥದನ್ನೂ ಇದ್ದ ಜಾಗದಲ್ಲೇ ಕೂರಿಸುವಂಥದ್ದು. ಸಹಿ ಹಾಕಿ ಎದ್ದ.

ಮೈದಾನಕ್ಕೆ ಬಂದಾಗ ಎರಡೂಕಾಲು. ಶಾಲೆಯ ಮೈದಾನ; ಶಾಲೆಗೆ ರಜೆ ಕೊಟ್ಟಿದ್ದರು. ಆರು ಬಸ್ಸುಗಳು ಸಾಲಾಗಿ ನಿಂತಿದ್ದವು, ದಿನವೂ ಊರೊಳಗೆ ಓಡುವ ಬಸ್ಸುಗಳೇ, ಮುಂದಿನ ಗಾಜಿನ ಮೇಲೆ ಮಾರ್ಗದ ಹೆಸರಿದ್ದ ಜಾಗಕ್ಕೆ ಬಿಳಿ ಕಾಗದ ಅಂಟಿಸಿದ್ದರು. ಒಬ್ಬ ಮೇಜು ಹಾಕಿಕೊಂಡು ಪಟ್ಟಿ ಓದುತ್ತಿದ್ದ. ಜನ ಜನ, ಆದರೆ ಗದ್ದಲವಿರಲಿಲ್ಲ. ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ತಂಗಿ ಮಗಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು, ಕೊಡಲೊಲ್ಲಳು. ನೀರಿನ ಬಾಟಲಿ ಮರೆತದ್ದು ನೆನಪಾಗಿ, ‘ಆ ಮೂಲೇಲಿ ನಲ್ಲಿ ಇದೆಯಂತೆ, ತುಂಬಿಸ್ಕೊಂಡು ಬರ್ತೀನಿ’ ಎಂದು ಹೊರಟಳು. ಚೀಲವನ್ನು ಹೊತ್ತುಕೊಂಡೇ ಹೊರಟಳು.

ಈಗ ಹೇಳಬೇಕು ಎಂದುಕೊಂಡ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದ, ಬಾಯಿಗೆ ಬಂದದ್ದು ಒಂದೂ ಅವುಗಳಲ್ಲಿರಲಿಲ್ಲ. ‘ಆ ಹದಿನಾಲ್ಕನೇ ಪುಟ. ಅದರಲ್ಲಿ ಅಂತೆ ಇತ್ತು ಕಣೇ. ಇವೆಯಂತೆ ಅಂತ ಇತ್ತು. ನಾನು ತೆಗೆದೆ. ಭಾಷೆ ಚೆನ್ನಾಗಿರಲಿ ಅಂತ.’ ಹುಡುಗಿ ಅವನನ್ನೇ ನೋಡುತ್ತಿದ್ದಳು. ‘ಆ ಲಾರಿ ಡ್ರೈವರು ನೋಡೇ ಇಲ್ಲ. ಷಡ್ಡಕ ಹೇಳಿದ್ದಂತೆ’ ಎಂದ. ಅವಳು ನಕ್ಕಳು. ಕುಹಕದ ನಗುವಲ್ಲ, ಚಿಕ್ಕಂದಿನಲ್ಲಿ ಅವನು ಲೆಕ್ಕ ತಪ್ಪು ಹೇಳಿಕೊಟ್ಟಾಗ ನಗುತ್ತಿದ್ದಳಲ್ಲ, ಅದು.

‘ನನಗೆ ಗೊತ್ತಿತ್ತು ಮಾವ. ಅಂತೆ ವಿಷಯ ಅಲ್ಲ, ಯಾರೂ ನೋಡಿಲ್ಲ ಅನ್ನೋದು. ಕಣ್ಣಲ್ಲಿ ನೋಡಿದೋನು ಇನ್ನೂರಕ್ಕೂ ಹೆಚ್ಚು ಅನ್ನಲ್ಲ. ಇನ್ನೂರ ಹನ್ನೊಂದು ಅಂತಾನೆ. ಇಲ್ಲಾ, ಒಂದು ರಾಶಿ ಅಂತಾನೆ. ನಮ್ಮ ಲ್ಯಾಬಲ್ಲಿ ಹೀಗೆ ಬರೆದ್ರೆ ಹರಿದು ಮುಖಕ್ಕೆ ಎಸೀತಾರೆ.’

‘ಗೊತ್ತಿದ್ದೂ ಹೋಗ್ತಿದೀಯಾ?’

‘ಎಲ್ಲರಿಗೂ ಗೊತ್ತು ಮಾವ. ಈ ಬಸ್ಸಲ್ಲಿ ಕೂತಿರೋ ಅರ್ಧ ಜನಕ್ಕೆ ಗೊತ್ತು. ಗೊತ್ತಾದ್ರೆ ಏನ್ಮಾಡೋಕಾಗುತ್ತೆ? ಆರು ತಿಂಗಳು ಒಳಗಿದ್ದು ಬಂದ್ರೆ ಯಾವ ಆಸ್ಪತ್ರೆ ಕೆಲಸ ಕೊಡುತ್ತೆ? ಅಮ್ಮ ಮತ್ತೆ ಹಗಲೂ ರಾತ್ರಿ ಮಿಷನ್ ತುಳೀಬೇಕಾ?’ ಆಮೇಲೆ ಅವನ ಮುಖ ನೋಡಿ ದನಿ ಬದಲಿಸಿ, ‘ನೋಡಿ, ಪೀಪಾಯಿ ಇಲ್ಲ ಅಂದ್ರೆ ನಮ್ಮ ತುಕಡಿಗೆ ಕೆಲಸಾನೇ ಇಲ್ಲ. ಕೂತು ಇಸ್ಪೀಟು ಆಡಿ ಬರ್ತೀವಿ’ ಎಂದಳು. ಪೀಪಾಯಿ ಇಲ್ಲದಿದ್ದರೂ ಅದನ್ನು ಹುಡುಕಿಕೊಂಡು ಹೋಗುವ ದಾರಿಯಲ್ಲಿ ಬಂದೂಕುಗಳು ಇರುತ್ತವೆ, ಅವಕ್ಕೆ ಯಾವ ಅಂತೆಯೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ತನ್ನ ಕೈಯನ್ನು ಅವಳು ಹಿಡಿದುಕೊಂಡಿದ್ದಾಳೆಂದು ಅವನಿಗೆ ಆಗ ಗಮನಕ್ಕೆ ಬಂತು. ಅವಳ ಬೆರಳುಗಳು ತಣ್ಣಗಿದ್ದವು. ‘ಒಂದು ಮಾತು ಮಾವ. ಅಮ್ಮನಿಗೆ ಮಾತ್ರ ಹೇಳಬೇಡಿ. ಅಮ್ಮ ನಂಬಿದಾಳೆ. ನಾನು ಹೋಗಿ ಆ ವಿಷ ಕಂಡುಹಿಡಿದ್ರೆ ಎಷ್ಟೋ ಜನ ಉಳೀತಾರಂತೆ ಅಂತ ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಂಡು ಓಡಾಡ್ತಿದಾಳೆ. ಸುಮ್ಮನೆ ಹೋಗ್ತಿದೀನಿ ಅಂತ ಗೊತ್ತಾದ್ರೆ ತಡ್ಕೊಳಲ್ಲ ಅವಳು.’ ಅವನು ತಲೆಯಾಡಿಸಿದ. ನಿಜ ಹೇಳಬೇಕೆಂದರೆ ಅವನಿಗೆ ಸಮಾಧಾನವೇ ಆಯಿತು. ಇಷ್ಟು ದಿನ ಹೊತ್ತದ್ದನ್ನು ಇಳಿಸಿದ್ದ, ಯಾರೂ ಅವನನ್ನು ಬೈದಿರಲಿಲ್ಲ, ಇನ್ನು ಸುಮ್ಮನಿರುವುದೇ ಒಳ್ಳೆಯತನ ಎಂದು ಅವಳ ಬಾಯಿಂದಲೇ ಬಂದಿತ್ತು.

ಪಟ್ಟಿಯಲ್ಲಿ ಅವಳ ಹೆಸರು ಬಂತು. ತಂಗಿ ಬಾಟಲಿ ಹಿಡಿದು ಓಡುತ್ತಾ ಬಂದಳು, ನೀರು ಚೆಲ್ಲಿ ತೋಳೆಲ್ಲ ಒದ್ದೆ. ಮಗಳಿಗೆ ಚೀಲ ಕೊಟ್ಟಳು, ಬಾಟಲಿ ಕೊಟ್ಟಳು, ಕೆನ್ನೆ ಮುಟ್ಟಿದಳು, ಅಳಲಿಲ್ಲ. ಹುಡುಗಿ ಹತ್ತಿ ಹಿಂದಿನ ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತಳು. ಒಬ್ಬ ಹೆಂಗಸು ಮೂರನೆಯ ಬಸ್ಸಿನ ಕಂಬಿ ಹಿಡಿದು ನಿಂತಿದ್ದಳು, ಅವಳನ್ನು ಇಬ್ಬರು ಮೆಲ್ಲಗೆ ಬಿಡಿಸುತ್ತಿದ್ದರು. ಇಂಜಿನುಗಳು ಒಂದೊಂದಾಗಿ ಶುರುವಾದವು. ಆಗ ತಂಗಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದು, ಮುಖ ಎತ್ತಿ, ‘ಅಣ್ಣಾ, ನೀನು ಕಾಗದ ಪತ್ರ ಎಲ್ಲ ನೋಡಿದೋನು. ಆ ಪೀಪಾಯಿಗಳು ಇರೋದು ನಿಜ ತಾನೆ?’ ಎಂದು ಕೇಳಿದಳು. ಅವನು ಅವಳ ಕಣ್ಣು ನೋಡದೆ ಕಿಟಕಿಯ ಕಡೆ ನೋಡಿದ. ಹುಡುಗಿ ಅಲ್ಲಿಂದ ಇಬ್ಬರನ್ನೂ ನೋಡುತ್ತಿದ್ದಳು.

‘ನಿಜ’ ಎಂದ. ಸಾಲದೆನ್ನಿಸಿ, ‘ಇವೆ’ ಎಂದ.

ತಂಗಿ ಅವನ ತೋಳು ಬಿಟ್ಟಳು. ಬಸ್ಸುಗಳು ಮೈದಾನದ ಗೇಟಿನ ಕಡೆ ಸಾಲು ಹಿಡಿದವು. ಮೊದಲೈದು ಹೊರಗೆ ಹೋದವು. ಹುಡುಗಿಯ ಬಸ್ಸು ಕೊನೆಯದು. ಗೇಟಿಗೆ ಬರುವ ಹೊತ್ತಿಗೆ ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗಲಾರದೆ ಒಂದು ಲಾರಿ ಅಡ್ಡ ಸಿಕ್ಕಿಕೊಂಡಿತ್ತು, ಬಸ್ಸು ನಿಂತಿತು. ಅವರಿಬ್ಬರೂ ನಿಂತ ಜಾಗದಿಂದ ಗೇಟಿಗೆ ನಲವತ್ತು ಹೆಜ್ಜೆ ಇರಬಹುದು. ಕಿಟಕಿಯ ಹೊರಗೆ ಚಾಚಿದ ಅವಳ ಕೈ ಕಾಣುತ್ತಿತ್ತು, ಬೀಸುವುದನ್ನು ನಿಲ್ಲಿಸಿ ಸುಮ್ಮನೆ ಕಿಟಕಿಯ ಅಂಚಿನ ಮೇಲೆ ಇಟ್ಟುಕೊಂಡಿದ್ದಳು.

‘ನೀನು ಅಲ್ಲ ಅಂದಿದ್ರೆ ಇಳಿಸ್ಕೊಂಡು ಬಿಡ್ತಿದ್ದೆ’ ಎಂದಳು ತಂಗಿ. ಒದ್ದೆ ತೋಳನ್ನು ಒರೆಸಿಕೊಳ್ಳುತ್ತಾ, ಬಸ್ಸಿನ ಕಡೆಯೇ ನೋಡುತ್ತಾ, ತೀರಾ ಸಾಧಾರಣ ದನಿಯಲ್ಲಿ ಹೇಳಿದಳು. ‘ಬಸ್ಸಿಗೆ ಅಡ್ಡ ಬಿದ್ದಾದ್ರೂ ಸರಿ. ಜೈಲಿಗೆ ಹಾಕಿದ್ರೆ ಹಾಕ್ಲಿ, ಆರು ತಿಂಗಳು, ಅನ್ನ ಹೊತ್ಕೊಂಡು ಹೋಗಿ ಕೊಟ್ಟು ಬರ್ತಿದ್ದೆ. ಬೇರೆಯೋರು ಇದೆ ಅಂತಾರೆ, ಇಲ್ಲ ಅಂತಾರೆ, ನನಗೇನು ಗೊತ್ತಾಗುತ್ತೆ. ಅದಕ್ಕೇ ನಿನ್ನನ್ನ ಕೇಳಿದ್ದು.’

ಒಂದೇ ಒಂದು ಅಂತೆ ಇರಲಿಲ್ಲ ಅವಳ ಮಾತಿನಲ್ಲಿ. ನಲವತ್ತು ಹೆಜ್ಜೆ. ಲಾರಿಯ ಚಾಲಕ ಕೆಳಗಿಳಿದು ಚಕ್ರ ನೋಡುತ್ತಿದ್ದ, ಅವಸರದಲ್ಲಿದ್ದಂತೆ ಕಾಣಲಿಲ್ಲ. ಬಸ್ಸಿನವನು ಇಂಜಿನು ಆರಿಸಿದ. ಮೈದಾನದಲ್ಲಿ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ ಇಲ್ಲಿಂದ ಮೆಲ್ಲಗೆ ಹೇಳಿದರೂ ಅಲ್ಲಿಗೆ ಕೇಳಿಸುತ್ತಿತ್ತು. ಅವನು ಬಾಯಿ ತೆರೆದ. ತಂಗಿ ಅವನ ಕಡೆ ತಿರುಗಿದಳು.

‘ಬಿಸಿಲು ಜಾಸ್ತಿ ಇದೆ’ ಎಂದ. ‘ನಡಿ, ಹೋಗೋಣ.’

ಅವಳು ತಲೆಯಾಡಿಸಿ, ಅವನ ಹಿಂದೆ ಹೊರಟಳು. ಬಸ್ಸು ಇನ್ನೂ ಗೇಟಿನಲ್ಲೇ ನಿಂತಿತ್ತು.